ಬ್ಲೇಡು ಕುದಿಸಿ ಕೊಡಿ ಎಂದು ಬೇಡಿದವಳು ನಾನೇ

ಮಾನ್ಯ ಆರೋಗ್ಯಾಧಿಕಾರಿಗಳೇ,

ನನ್ನ ಅರ್ಜಿಯನ್ನು ನೀವು ಒಪ್ಪಿದಿರಿ ಎಂಬುದೇ ನನ್ನ ದೂರು. ಬೀದಿದೀಪಕ್ಕೆಂದು ಬರೆದ ಆರು ಅರ್ಜಿಗಳಿಗೆ ಯಾವ ಕಚೇರಿಯೂ ಉತ್ತರಿಸಿಲ್ಲ. ಇದಕ್ಕೆ ಮಾತ್ರ ಎಂಟೇ ದಿನದಲ್ಲಿ ಆದೇಶ ಬಂತು.

ಗುಜರಾತಿನಿಂದ ಬಂದು ನಿಪ್ಪಾಣಿಯಲ್ಲಿ ಕಬ್ಬಿಣದ ವ್ಯಾಪಾರಕ್ಕೆ ನಿಂತ ನಮ್ಮ ಒಂಬತ್ತು ಮುಸ್ಲಿಂ ಮನೆಗಳಲ್ಲಿ, ಹೆಣ್ಣುಮಗುವಿಗೆ ಏಳು ತುಂಬಿದಾಗ ಸುನ್ನತಿ ಮಾಡಿಸುವ ರೂಢಿಯಿದೆ. ಗುಪ್ತಾಂಗದ ತುದಿ ಕತ್ತರಿಸುತ್ತಾರೆ. ದೊಡ್ಡವಳಾದ ಮೇಲೆ ಅಂಕೆಯಲ್ಲಿರುತ್ತಾಳಂತೆ. ಗಂಡಸರಿಗೆ ಸುದ್ದಿ ಮುಟ್ಟಿಸುವುದಿಲ್ಲ. ಅವರ ಮರ್ಯಾದೆ ಕಾಯುವ ಕೆಲಸವನ್ನು ನಾವೇ ವಹಿಸಿಕೊಂಡಿದ್ದೇವೆ. ಇದು ಕುರಾನಿನಲ್ಲಿ ಎಲ್ಲಿದೆ ಎಂದು ನಾನು ಹುಡುಕಲಿಲ್ಲ. ಸಿಗದಿದ್ದರೆ ಏನು ಮಾಡುವುದು?

ಎಂಟು ವರ್ಷದ ಹಿಂದೆ ಮೊಮ್ಮಗಳು ಅರ್ವಾಳನ್ನು ಬಳೆ ಕೊಡಿಸುತ್ತೇನೆಂದು ಹೇಳಿ ಕತ್ತರಿಸುವವಳ ಮನೆಗೆ ಕರೆದೊಯ್ದೆ. ಗಾಯ ಕೀವಾಯಿತು, ಹತ್ತು ದಿನ ಜ್ವರ. ಮ್ಯಾಟ್ರಿಕ್ ಪಾಸಾದ ಈ ಬುದ್ಧಿವಂತೆ ಅದರಿಂದ ಕಲಿತ ಪಾಠವೇನು? ಬ್ಲೇಡು ಕುದಿಸಬೇಕಿತ್ತು ಎಂಬುದು. ಅದಕ್ಕೇ ಒಂಬತ್ತೂ ಮನೆಗಳ ಪರವಾಗಿ, ನರ್ಸಬಾಯಿಯನ್ನು ಕಳಿಸಿ ಎಂದು ನಿಮಗೆ ಬರೆದೆ. ಅಕ್ಷರ ಅಂದವಾಗಿರಲಿ ಎಂದು ಎರಡು ಸಲ ಬರೆದೆ. ನೀವು 'ಧಾರ್ಮಿಕ ಭಾವನೆಗೆ ಧಕ್ಕೆಯಾಗದಂತೆ ಸಹಕರಿಸತಕ್ಕದ್ದು' ಎಂದು ಸಹಿ ಹಾಕಿದಿರಿ. ಯಾಕೆ ಕತ್ತರಿಸುತ್ತೀರಿ ಎಂದು ನೀವೂ ಕೇಳಲಿಲ್ಲ. ಡಾಕ್ಟರಿಗೆ ಹೊಳೆಯದ್ದು ನನಗೆ ಹೊಳೆಯಬೇಕಿತ್ತೇ?

ಆದೇಶವನ್ನು ಅಡುಗೆಮನೆಯಲ್ಲಿ ಹೆಮ್ಮೆಯಿಂದ ಓದಿದೆ. ಹಿಟ್ಟು ನಾದುತ್ತಿದ್ದ ಅರ್ವಾ ಕೈ ನಿಲ್ಲಿಸಿ ಕೇಳಿದಳು: "ದಾದಿಮಾ, ಅವತ್ತ ನನ್ನ ಕಾಲ ಹಿಡಿದಾಕಿ ಯಾರು?"

ಉತ್ತರಕ್ಕೆ ತಡವರಿಸುವ ಅಭ್ಯಾಸ ನನಗಿಲ್ಲ. ನಾನೇ ಎಂದೆ.

"ಗೊತ್ತೈತ್ರಿ. ನಿಮ್ಮ ಬಾಯಿಂದ ಕೇಳಬೇಕಿತ್ತು."

ಅರ್ವಾಳ ತಂಗಿಗೆ ಈಗ ಏಳು. ನನ್ನ ಮನೆ ಬಾಗಿಲನ್ನು ನಾನು ಮುಚ್ಚಬಲ್ಲೆ. ಆದರೆ ಉಳಿದ ಮನೆಗಳಲ್ಲಿ ಅವಳ ವಯಸ್ಸಿನ ನಾಲ್ವರಿದ್ದಾರೆ. ಬೇಡ ಎನ್ನಲು ಹೋದರೆ ಗೆಳತಿ ಜೈನಬಬಾಯಿ ನಿಮ್ಮ ಆದೇಶವನ್ನೇ ಮುಂದೆ ಹಿಡಿದಳು. "ಸರ್ಕಾರನ ಹೂಂ ಅಂದೈತಿ. ಕಾಗದ ತಂದಾಕಿ ನೀನ. ಈಗ ನಿನಗೇನಾತು?" ನಿಮ್ಮ ಕಚೇರಿಗೆ ಬಂದರೆ ಗುಮಾಸ್ತ ಮುರಗೆಪ್ಪ ತಲೆಯೆತ್ತದೆ ಹೇಳಿದ: "ಬೇಕನ್ನಾಕೂ ನೀವ, ಬ್ಯಾಡನ್ನಾಕೂ ನೀವ. ಕಾಗದ ಮುಂದ ಹೋಗೇತ್ರಿ, ಬಾಯಾರ."

ಬರುವ ಶುಕ್ರವಾರ ನರ್ಸಬಾಯಿ ಬರುತ್ತಾಳೆ. ಅದರೊಳಗೆ ಆದೇಶ ರದ್ದಾಗಬೇಕು, ರದ್ದತಿಯ ಕಾಗದ ಮೊಹರಿನೊಂದಿಗೆ ನನ್ನ ಕೈಗೆ ಬರಬೇಕು. ನಮ್ಮ ಹೆಂಗಸರು ಈಗ ನನ್ನ ಮಾತಿಗಿಂತ ಮೊಹರನ್ನು ನಂಬುತ್ತಾರೆ. ಹಾಗೆ ನಂಬಿಸಿದವಳೂ ನಾನೇ. ನೀವು ತಡಮಾಡಿದರೂ ಒಂದು ಕೆಲಸ ಆಗಿಹೋಗಿದೆ: ಈ ಪತ್ರವನ್ನು ಪತ್ರಿಕೆಗೇ ಅಚ್ಚಿಗೆ ಕೊಟ್ಟಿದ್ದೇನೆ. ಆ ನಾಲ್ವರ ಅಪ್ಪಂದಿರಿಗೆ ಇದು ಇಂದು, ಈ ಪತ್ರಿಕೆ ಓದಿ, ಮೊದಲ ಸಲ ತಿಳಿಯುತ್ತಿದೆ. ನನ್ನ ಮಗನಿಗೂ.

ಇಂತಿ,
ಬೇಕೆಂದವಳೂ ಬೇಡವೆಂದವಳೂ ಆದ ಅರ್ಜಿದಾರಳು
ಸಕೀನಾಬಾಯಿ, ನಿಪ್ಪಾಣಿ