ಕಪ್ಪು ಕನ್ನಡಕದ ಜೋಕು

ಶನಿವಾರ, ಜೂನ್ ೧೪

ಆ ನಗು ಇನ್ನೂ ಕಿವಿಯಲ್ಲೇ ಇದೆ. ನನ್ನ ಸನ್ಮಾನಕ್ಕೆ ಮಂತ್ರಿಯೇ ಬಂದಿದ್ದ. ಅವನ ಮೀಸೆಯ ಬಣ್ಣ, ಮುಗಿಯದ ಭಾಷಣ, ಕಪ್ಪು ಕನ್ನಡಕ, ಇವುಗಳ ಮೇಲೆ ಇಷ್ಟು ವರ್ಷ ನನ್ನ ಅಂಕಣದಲ್ಲಿ ಮಾಡಿದ ಜೋಕುಗಳನ್ನೆಲ್ಲ ಮೈಕಿನಲ್ಲಿ ಬಾಯಿಪಾಠ ಒಪ್ಪಿಸಿದ. "ಇವರಷ್ಟು ನನ್ನನ್ನ ಯಾರೂ ಬೈದಿಲ್ಲ!" ಅಂದ. ಸಭೆ ಬಿದ್ದು ಬಿದ್ದು ನಕ್ಕಿತು. ನಾನೂ ಹಲ್ಲು ಕಿರಿದೆ. ಥೂ.

ವಾಪಸ್ ಬರುವಾಗ ಕಾರಿನಲ್ಲಿ ಇವಳು ಕೇಳಿದಳು: "ರೀ, ಅವರು ಕಟ್ಟಿಸಿದ ಸೇತುವೆ ಕುಸಿದು ಅಷ್ಟು ಜನ ಸತ್ತರಲ್ಲ, ಆಗ ನೀವು ಬರೆದದ್ದನ್ನ ಅವರು ಹೇಳಲೇ ಇಲ್ವಲ್ಲ?"

ನಾನು ಕಾರಿನ ರೇಡಿಯೋ ಹಾಕಿದೆ.

ಹೇಳಿದನಲ್ಲೇ. ಆ ವಾರ ನಾನು ಬರೆದದ್ದು, ಹೆಣಗಳ ಮುಂದೆ ಅವನು ಹಾಕಿಕೊಂಡು ನಿಂತಿದ್ದ ಕನ್ನಡಕದ ಬಗ್ಗೆ ಮಾತ್ರ.