ನಿನ್ನ ಚಮಚ ನನ್ನ ಹತ್ತಿರ ಇದೆ

ನಮ್ಮ ಮನೆಯ ಖಾಯಂ ವಿರೋಧ ಪಕ್ಷವಾದ ನನ್ನ ಪ್ರೀತಿಯ ಅಣ್ಣನಿಗೆ,

ನಿನ್ನ ವಕೀಲಮ್ಮ ಬರೆಯುತ್ತಿದ್ದಾಳೆ. ಹೌದು, ಕನ್ನಡದಲ್ಲೇ! ಇಂಗ್ಲಿಷ್ ಮೀಡಿಯಂ ಕೈ, ಒತ್ತಕ್ಷರ ಎಡವಿದರೆ ನಗಬೇಡ. ಮದುವೆಯಾಗಿ ತಿಂಗಳು ತುಂಬಿಲ್ಲ, ಖುಷಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಅಡುಗೆಮನೆ ಕಿಟಕಿಯಿಂದ ಎದುರುಮನೆ ಬೆಕ್ಕು ಕಾಣುತ್ತದೆಂದು ಖುಷಿ, ನಲ್ಲಿ ಸೋರುತ್ತದೆಂದೂ ಖುಷಿ. ಇವರು ಶಿಳ್ಳೆ ಹೊಡೆಯುತ್ತಾ ಶರ್ಟಿಗೆ ಇಸ್ತ್ರಿ ಹಾಕುತ್ತಾರೆ. ಕಾಲರ್ ಸುಟ್ಟರೂ ನನ್ನ ಕಣ್ಣಿಗೆ ಚೆಂದವೇ! ಇಷ್ಟೆಲ್ಲದರ ನಡುವೆ ನಿನ್ನೆ ಪಾತ್ರೆಗಳ ಡಬ್ಬ ಬಿಚ್ಚಿದೆ. ತಳದಲ್ಲಿ ಹಳೇ ಟವೆಲ್ಲು ಸುತ್ತಿದ ಒಂದು ಚಮಚ. ಅಮ್ಮ ನನ್ನದನ್ನೇ ಇಟ್ಟಿದ್ದಾಳೆ ಅಂದುಕೊಂಡೆ. ಆದರೆ ನನ್ನದರ ಹಿಡಿಯ ಮೇಲೆ ನಕ್ಷತ್ರವಿದೆ. ಇದರ ಮೇಲಿದ್ದದ್ದು ಒಂದೇ ಒಂದು ಗೆರೆ. ನಿನ್ನದು.

ಬೇರೆ ಮನೆಗಳಲ್ಲಿ ಊಟವಾದ ಮೇಲೆ ತಟ್ಟೆ ಎತ್ತುತ್ತಾರೆ, ನಮ್ಮಲ್ಲಿ ಮತದಾನ. ನೀನು ಕೆಲಸ ಮಾಡುವ ಲೇತ್ ಕಾರ್ಖಾನೆಯಿಂದ ಅರ ತಂದು ಎಲ್ಲರ ಚಮಚಕ್ಕೂ ಗುರುತು ಕೊರೆದವನು ನೀನೇ. ಚಮಚ ಅಂಗಾತ ಮಲಗಿಸಿದರೆ ಹೂಂ, ಬೋರಲು ಹಾಕಿದರೆ ಊಹೂಂ. ಗೋಡೆಯ ಬಣ್ಣ, ಫ್ಯಾನು, ಅಜ್ಜಿಯ ಹೊಸ ಕನ್ನಡಕದ ಫ್ರೇಮು, ಎಲ್ಲವೂ ಹಾಗೇ ತೀರ್ಮಾನವಾದವು. “ನಿಮ್ಮ ಪಾರ್ಲಿಮೆಂಟ್ ಮುಗಿಯೋಷ್ಟರಲ್ಲಿ ತಟ್ಟೆ ಒಣಗಿ ಹೋಗತ್ತೆ. ತಿಕ್ಕೋರ್ ಯಾರು ಅಂತನೂ ವೋಟಿಗೆ ಹಾಕಿ!” ಎಂದು ಅಮ್ಮ ಗೊಣಗಿದ್ದು ಈಗಲೂ ಕಿವಿಯಲ್ಲಿದೆ.

ಕಾಲೇಜಿನಿಂದ ನಾನು ಲಿಬರಲಿಸಂ ಅನ್ನುವ ಪದವನ್ನು ಹೊತ್ತು ತಂದ ದಿನ ನೆನಪಿದೆಯಾ? “ಅದೇನೇ, ಮಾತ್ರೆನಾ? ಊಟಕ್ಕೆ ಮುಂಚೆ ತಗೋಬೇಕಾ, ಆಮೇಲಾ?” ಅಂದಿದ್ದೆ ನೀನು. ಬಹುಮತ ಬಂದರೂ ಒಬ್ಬ ಮನುಷ್ಯನ ಬದುಕಿನೊಳಗೆ ಕೈ ಹಾಕಬಾರದು, ಅದೇ ಉದಾರವಾದ ಎಂದು ನಾನು ಮೇಜು ಗುದ್ದಿದೆ. “ಹಂಗಾದ್ರೆ ಸೋತಾಗೆಲ್ಲ ‘ಇದು ನನ್ನ ಬದುಕು’ ಅಂತ ಎದ್ದು ಹೋಗ್ತೀಯಾ ವಕೀಲಮ್ಮಾ? ಸೋತೋನು ಮೇಜು ಬಿಟ್ಟು ಏಳಬಾರದು. ಅಷ್ಟೇ ಕಣೇ ಪ್ರಜಾಪ್ರಭುತ್ವ” ಎಂದೆ ನೀನು. ಆ ಜಗಳಗಳು ಎಷ್ಟು ರುಚಿಯಾಗಿದ್ದವು ಅಣ್ಣಾ! ಸಾರು ತಣ್ಣಗಾಗಿದ್ದೇ ಗೊತ್ತಾಗುತ್ತಿರಲಿಲ್ಲ.

ನೀನು ಆ ಮಾತನ್ನು ಬದುಕಿ ತೋರಿಸಿದ್ದೆ ಅಂತ ಆಗ ನನಗೆ ಹೊಳೆಯಲಿಲ್ಲ. ಹಡಗಿನ ಎಂಜಿನ್ ಕೆಲಸಕ್ಕೆ ಹೋಗುತ್ತೇನೆ ಎಂದು ನೀನು ಕೇಳಿದಾಗ ನಾನಿನ್ನೂ ಚಿಕ್ಕವಳು, ನನಗಿನ್ನೂ ವೋಟಿನ ಚಮಚ ಸಿಕ್ಕಿರಲಿಲ್ಲ. ಅಪ್ಪ, ಅಮ್ಮ, ಅಜ್ಜಿ, ಮೂವರದ್ದೂ ಬೋರಲು. ನಿನ್ನದೊಂದೇ ಆಕಾಶ ನೋಡುತ್ತಿತ್ತು. ನೀನು ಏಳಲಿಲ್ಲ. ಇನ್ನೊಂದು ಸೌಟು ಅನ್ನ ಬಡಿಸಿಕೊಂಡೆ. ಮಾರನೇ ದಿನ ಮತ್ತೆ ಅದೇ ಲೇತ್ ಮುಂದೆ ನಿಂತೆ.

ಆಮೇಲೆ ನನ್ನ ಸರದಿ. ಹಲ್ಲಿನ ಡಾಕ್ಟರ ಬೆಂಚಿನ ಮೇಲೆ, ಕೆನ್ನೆ ಊದಿಸಿಕೊಂಡು ಕೂತಾಗ ಪರಿಚಯವಾದ ಹುಡುಗನನ್ನೇ ಮದುವೆಯಾಗುತ್ತೇನೆ ಎಂದೆ. ಅಮ್ಮ, ಅಜ್ಜಿ, ನೀನು, ಮೂವರದ್ದೂ ಬೋರಲು. ಆಗ ಅಪ್ಪ, “ಇದು ಅವಳ ಬದುಕು. ಇದನ್ನ ವೋಟಿಗೆ ಹಾಕೋ ಹಾಗಿಲ್ಲ” ಎಂದರು. ನಾನು ಕುಣಿದಾಡಿಬಿಟ್ಟೆ. ನೀನು ಮೆಲ್ಲಗೆ ಕೇಳಿದೆ, “ನನ್ನದು ಯಾರ ಬದುಕಾಗಿತ್ತಪ್ಪಾ?” ಮೊದಲ ಸಲ ನೀನು ಮೇಜು ಬಿಟ್ಟು ಎದ್ದೆ. ಮದುವೆಯಲ್ಲಿ ಓಡಾಡಿ ಎಲ್ಲರಿಗೂ ಬಡಿಸಿದೆ. ನನ್ನೊಡನೆ ಮಾತ್ರ ಒಂದು ಮಾತಿಲ್ಲ.

ಅಪ್ಪ ಅಂದು ಹೇಳಿದ್ದು ಸರಿ ಅಂತ ಈಗಲೂ ವಾದಿಸುತ್ತೇನೆ. ಮೂರು ಚಮಚ ಸೇರಿ ಒಬ್ಬರ ಕಡಲನ್ನು ಬತ್ತಿಸಬಾರದು. ಆದರೆ ನನ್ನನ್ನು ಕಾದ ಆ ಬೇಲಿ ನಿನ್ನ ಸುತ್ತ ಕೂಡ ಇರಬೇಕಿತ್ತು. ಒಬ್ಬಳಿಗೆ ಮಾತ್ರ ಸಿಕ್ಕ ಸ್ವಾತಂತ್ರ್ಯವನ್ನು ಮುದ್ದು ಅನ್ನಬೇಕು, ಅಷ್ಟೇ.

ಇನ್ನೊಂದು ವಿಷಯ, ಯಾರಿಗೂ ಹೇಳಬೇಡ. ಇವರು ಅಪ್ಪಟ ಉದಾರವಾದಿ. ಪರದೆ ಯಾವ ಬಣ್ಣ? “ನಿನ್ನಿಷ್ಟ.” ಮೇಜು ಕಿಟಕಿ ಹತ್ತಿರವೋ ಗೋಡೆ ಹತ್ತಿರವೋ? “ನಿನ್ನಿಷ್ಟ ಚಿನ್ನಾ.” ಮೊದಲ ವಾರ ಜೇನು ಕುಡಿದ ಹಾಗಿತ್ತು. ಈಗ ಕೆಲವೊಮ್ಮೆ ದೊಡ್ಡ ಖಾಲಿ ಬಯಲಿನಲ್ಲಿ ಒಬ್ಬಳೇ ನಿಂತ ಹಾಗಾಗುತ್ತದೆ. ‘ಬೇಡ’ ಎಂದು ಎದುರಾಡುವಷ್ಟು ನನ್ನನ್ನು ಹಚ್ಚಿಕೊಂಡವರು ಆ ಮೇಜಿನ ಸುತ್ತ ಇದ್ದರಲ್ಲ, ಅವರ ನೆನಪಾಗುತ್ತದೆ. ನಿನ್ನೆ ಇವರಿಗೆ ಚಮಚದ ಕಥೆ ಹೇಳಿ, ಮೇಜಿನ ಜಾಗವನ್ನು ವೋಟಿಗೆ ಹಾಕಿದೆ. ನಾನು ಕಿಟಕಿ. ಇವರು ಹೆದರುತ್ತಾ ಹೆದರುತ್ತಾ ಗೋಡೆ ಅಂದರು! ಸಂತೋಷಕ್ಕೆ ತಬ್ಬಿಕೊಂಡೆ. ಈಗ ಒಂದಕ್ಕೊಂದು ಸಮ, ಮೇಜು ಕೋಣೆಯ ನಡುವೆ ನಿಂತಿದೆ. ಇಬ್ಬರೂ ಮೊಣಕಾಲು ತಗುಲಿಸಿಕೊಂಡು ಓಡಾಡುತ್ತಿದ್ದೇವೆ.

ಅಣ್ಣಾ, ಆ ಚಮಚವನ್ನು ನನ್ನ ಡಬ್ಬದಲ್ಲಿ ಯಾಕೆ ಇಟ್ಟೆ? ನಿನ್ನ ವೋಟನ್ನೇ ನನಗೆ ಉಡುಗೊರೆ ಕೊಟ್ಟೆಯಾ? ಇಲ್ಲ, ಇನ್ನು ಆ ಮನೆಯಲ್ಲಿ ವೋಟೇ ಬೇಡ ಎಂದು ಕೈ ತೊಳೆದುಕೊಂಡೆಯಾ? ಎರಡನ್ನೂ ನಾನು ಒಪ್ಪುವುದಿಲ್ಲ. ಒಬ್ಬರ ಚಮಚವನ್ನು ಇನ್ನೊಬ್ಬರು ಮಲಗಿಸುವಂತಿಲ್ಲ. ಆ ನಿಯಮ ಮಾಡಿದವನೇ ನೀನು. ತೊಳೆದು, ಒರೆಸಿ, ಕೋಣೆಯ ನಡುವಿನ ಆ ಮೇಜಿನ ಮೂರನೇ ಬದಿಯಲ್ಲಿ ನೆಟ್ಟಗೆ ನಿಲ್ಲಿಸಿದ್ದೇನೆ, ಒಂದು ಲೋಟದಲ್ಲಿ. ಹೂಂ ಅಲ್ಲ, ಊಹೂಂ ಅಲ್ಲ.

ಈ ಭಾನುವಾರ ಊಟಕ್ಕೆ ಬಾ. ಗೋಡೆ ಕಡೆಗೇ ವೋಟು ಹಾಕಿ ನನ್ನನ್ನು ಸೋಲಿಸು, ನಾನು ಏಳುವುದಿಲ್ಲ. ಆಮೇಲೆ ಮೂವರೂ ಕೂತು ಹಡಗಿನ ಮಾತಾಡೋಣ. ಅದನ್ನು ಮಾತ್ರ ವೋಟಿಗೆ ಹಾಕುವುದಿಲ್ಲ.

‘ಬರುವುದು ಬಿಡುವುದು ನಿನ್ನಿಷ್ಟ’ ಎಂದು ಬರೆಯಲು ಹೊರಟೆ. ಹೊಡೆದು ಹಾಕಿದ್ದೇನೆ. ಬಾ.

ನಿನ್ನ ಕೈಗೆ ಎಂದೂ ಅರ ತಾಗಿ ಗಾಯವಾಗದಿರಲಿ, ನಿನ್ನ ಕಡಲು ನಿನಗಾಗಿ ಕಾದಿರಲಿ ಎಂದು ಹಾರೈಸುತ್ತಾ,

ನಿನ್ನ ನಕ್ಷತ್ರದ ಚಮಚದವಳು