ಹಿಮ್ಮಡಿಯ ಮೇಲೆ ಹನ್ನೊಂದು ಹೆಜ್ಜೆ

ನಮ್ಮ ಮನೆ, ಮಹಡಿ ಕೋಣೆ
ಜುಲೈ ೧೪, ಭಾನುವಾರ

ಪ್ರೀತಿಯ ಮಗನೇ,

ನಿನ್ನ ಸೊಂಟನೋವು ಹೇಗಿದೆ? ಭಾರ ಎತ್ತುವಾಗ ಮೊಣಕಾಲು ಮಡಚು ಎಂದು ಬಾಯಿ ನೋಯುವಷ್ಟು ಹೇಳಿದ್ದೇನೆ. ಕಟ್ಟಡದ ಕೆಲಸಕ್ಕೆ ಹೋದವರಿಗೆ ಕಿವಿಯೂ ಮಂದವಾಗುತ್ತದೋ ಏನೋ! ಸೊಸೆಗೂ ಇದನ್ನು ಓದಿ ಹೇಳು. ನಾನು ಗಟ್ಟಿಯಾಗಿದ್ದೇನೆ. ಕನ್ನಡಕದ ಒಂದು ಕಡ್ಡಿ ಮುರಿದಿದೆ, ಅಕ್ಷರ ಸೊಟ್ಟಗಿದ್ದರೆ ನಗಬೇಡ.

ನಿನ್ನ ದೊಡ್ಡ ಮಗಳ ವಿಷಯ ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ನಿನ್ನ ಅಣ್ಣ ಚಪ್ಪಲಿ ಮಾಡಿಸುವ ಕೋಣೆಗೆ ಅವಳು ಒಂದು ವರ್ಷ ಹೋದಳಲ್ಲ, ಗಾಳಿಗೆ ಅಂಟು ಬೇಗ ಒಣಗುತ್ತದೆಂದು ಅಲ್ಲಿ ಕಿಟಕಿ ತೆರೆಯುವುದಿಲ್ಲ, ಫ್ಯಾನೂ ಹಾಕುವುದಿಲ್ಲ. ಬೆರಳು ಸಣ್ಣವೆಂದು ಅಂಟು ಹಚ್ಚುವ ಕೆಲಸ ಇವಳದು, ಡಬ್ಬದ ಪಕ್ಕದಲ್ಲೇ ಜಾಗ. ಬರಬರುತ್ತಾ ದಾರಿಯಲ್ಲಿ ಕಾಲಿನ ಚಪ್ಪಲಿ ಕಳಚಿ ಬಿದ್ದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. "ಚಪ್ಪಲಿ ಮಾಡೋಳಿಗೆ ಚಪ್ಪಲಿ ಹಾಕ್ಕೊಳ್ಳೋಕೆ ಬರಲ್ವಾ?" ಎಂದು ಗದರಿದೆ. ಒಂದು ನಂಬರು ಚಿಕ್ಕ ಜೋಡಿ ತಂದೆ, ಅದೂ ಬಿತ್ತು. ಕಡೆಗೆ ಕಾಲಿಗೆ ದಾರದಿಂದ ಕಟ್ಟಿಯೇ ಕೆಲಸಕ್ಕೆ ಅಟ್ಟಿದೆ ಕಣಪ್ಪಾ.

ಒಂದು ದಿನ ಮೆಟ್ಟಿಲಲ್ಲಿ ಎಡವಿ ಬಿದ್ದಳು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ "ಹಿಮ್ಮಡಿ ಮೇಲೆ ನಡಿ ಪುಟ್ಟಿ" ಎಂದರು. ಮುಂಗಾಲು ಮೇಲೇಳಲೇ ಇಲ್ಲ. ಅಂಟಿನ ಆವಿ ಉಸಿರಿನೊಡನೆ ಒಳಗೆ ಹೋಗಿ ಕಾಲಿನ ನರಗಳನ್ನು ಕೆಡಿಸಿದೆಯಂತೆ. "ಆ ಕೋಣೆಯಿಂದ ದೂರ ಇಡಿ, ನಿಧಾನಕ್ಕೆ ಸರಿಹೋಗುತ್ತೆ. ಮತ್ತೆ ಕಳಿಸಿದ್ರೆ ನನ್ನ ಕೈಲೂ ಏನೂ ಆಗಲ್ಲ" ಎಂದರು. ಐದು ತಿಂಗಳಾಯಿತು, ಅವಳು ಆ ಕಡೆ ತಲೆ ಹಾಕಿಲ್ಲ. ಹತ್ತು ವರ್ಷದವಳು ಎರಡನೇ ತರಗತಿಯವರ ಜೊತೆ ಕೂರುತ್ತಾಳೆ, ಗಣಿತದಲ್ಲಿ ನಿನ್ನ ಹಾಗೇ ದಡ್ಡಿ. ನಿನ್ನೆ ಒಲೆಯಿಂದ ಬಾಗಿಲವರೆಗೆ ಹಿಮ್ಮಡಿಯ ಮೇಲೆ ಹನ್ನೊಂದು ಹೆಜ್ಜೆ ನಡೆದಳು, ಥೇಟು ಬಾತುಕೋಳಿ. ನಾನು ಅತ್ತುಬಿಟ್ಟೆ, ಅವಳು ನಕ್ಕಳು.

ಇಬ್ಬರೂ ಹೊತ್ತಿಗೆ ಸರಿಯಾಗಿ ಉಣ್ಣಿ, ನೂರು ಕಾಲ ಚೆನ್ನಾಗಿರಿ.

ನಿನ್ನ
ಅಮ್ಮ

ತಾ.ಕ.: ಲಕೋಟೆ ಮುಚ್ಚುವಷ್ಟರಲ್ಲಿ ನಿನ್ನ ಅಣ್ಣ ಬಂದಿದ್ದ. ನಿನ್ನ ಚಿಕ್ಕ ಮಗಳ ಕೈಬೆರಳು ನೋಡಿ "ಇವಳನ್ನಾದ್ರೂ ಕಳ್ಸಮ್ಮ" ಎಂದ. ಬಾಗಿಲು ತೋರಿಸಿದೆ. ನೀನು ರಜೆಗೆ ಬಂದಾಗ ನಿನ್ನನ್ನೇ ಕೇಳುತ್ತಾನಂತೆ. ಅಣ್ಣನೆಂದು ಮುಲಾಜು ನೋಡಬೇಡ. ಹೋದ ಸಲ ದೊಡ್ಡವಳನ್ನು ಕಳಿಸೆಂದು ಕೇಳಿದಾಗ ನೀನು "ಅಮ್ಮ ಹೇಳ್ದಂಗೆ" ಅಂದೆ, ನಾನು ಹೂಂ ಅಂದುಬಿಟ್ಟೆ. ಈ ಸಲವೂ ಅಷ್ಟೇ ಹೇಳು ಮಗನೇ. ಅಮ್ಮ ಬೇಡ ಅಂದಿದ್ದಾಳೆ.